ಬಾವುಟದ ಬುಡದ ಗೂಡುಗಳು

ಮೇ ೧೪, ಮಧ್ಯಾಹ್ನ

ಪ್ರೀತಿಯ ಚೋಟು,

ಚೆನ್ನಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಆ ಕಚೇರಿಯ ಮೇಜಿನ ಮೇಲೆ ಬಿಸ್ಕತ್ತು ಮುರಿದುಕೊಂಡೇ ಹಗಲು ಕಳೆಯುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹತ್ತುವಾಗ ಒಂದು ರಾಗ, ಇಳಿಯುವಾಗ ಇನ್ನೊಂದು ರಾಗ ತೆಗೆಯುತ್ತದೆ. ನಿನ್ನ ಫೋನು ಎಷ್ಟು ಸಲ ಬಡಿದುಕೊಂಡಿತೋ, ನಾನು ಎತ್ತಲಿಲ್ಲ. ಸಿಟ್ಟು ಮಾಡಿಕೊಳ್ಳಬೇಡ. ಮಾಡಿಕೊಂಡರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಆ ಸಿಟ್ಟು ಎಲ್ಲಿಂದ ಬಂತು ಎಂದು ಯಾರೂ ಕೇಳುವ ಹಾಗಿಲ್ಲ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಬಾಯಿ ಹಾಕುತ್ತೀಯ. ಕಾಗದವಾದರೆ ನಾನು ಮುಗಿಸುವವರೆಗೂ ಸುಮ್ಮನಿರಲೇಬೇಕು. ಅದಕ್ಕೇ ತಡವಾದರೂ ಆಗಲಿ ಎಂದು ಬರೆಯಲು ಕೂತಿದ್ದೇನೆ.

ನಮ್ಮ ಅರಣ್ಯ ಇಲಾಖೆಯ ಹೊಸ ಸಾಹೇಬರು ಕಳಿಸಿದ ಕಡತ ಇಷ್ಟರಲ್ಲಿ ನಿನ್ನ ಮೇಜಿಗೆ ಬಂದಿರುತ್ತದೆ, ಇಲ್ಲವೇ ಬರುತ್ತದೆ. ಅಪ್ಪನ ಕುರಿಗಳನ್ನು ಬೆಟ್ಟದ ಮೇಲಿನ ಈ ಬಯಲಿನಿಂದ ಶಾಶ್ವತವಾಗಿ ಇಳಿಸಬೇಕೋ ಬೇಡವೋ ಎಂದು ತಿಂಗಳ ಕೊನೆಗೆ ತೀರ್ಮಾನವಂತೆ. ಹಕ್ಕಿಗಳ ವಿಷಯ ಬಲ್ಲವಳು ನೀನು, ಅಭಿಪ್ರಾಯ ಕೊಡಬೇಕಾದವಳೂ ನೀನೇ. ಕುರಿ ಇಳಿದರೆ ಅಪ್ಪನಿಗೆ ಕೆಳಗೆ ಅಂಗೈಯಗಲ ಹುಲ್ಲಿಲ್ಲ. ಮಂದೆಯನ್ನು ಕಟುಕರಿಗೆ ಒಪ್ಪಿಸಿ ಬರಿಗೈಯಲ್ಲಿ ಮನೆಯ ಮುಂದೆ ಕೂರಬೇಕು. ಕುರಿಯಿಲ್ಲದ ಅಪ್ಪನನ್ನು ನಾನೂ ನೋಡಿಲ್ಲ, ನೀನೂ ನೋಡಿಲ್ಲ. ಕಡತದಲ್ಲಿ ಇರುವುದು ಸ್ವಲ್ಪ, ಇಲ್ಲದಿರುವುದು ಬಹಳ. ಅದಕ್ಕೆ ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿದ್ದದ್ದನ್ನೂ ಸೇರಿಸಿ. ಬೇಜಾರಾದರೆ ಟೀ ಕುಡಿಯುತ್ತಾ ಓದು.

ಈ ಸಲ ಚಳಿ ಬೇಗ ಬಿಟ್ಟಿತು. ಹಳ್ಳದ ಎರಡೂ ಕಡೆ ನೆಲದ ಹೂವು ಎದ್ದವು, ಹಳದಿ ಮೊದಲು, ಆಮೇಲೆ ನೀಲಿ ಚುಕ್ಕೆಯವು. ಬೂದುಬೆನ್ನಿ ಹಕ್ಕಿಗಳು ಬಂದು ಗಿಡ್ಡ ಹುಲ್ಲಿನ ಬುಡದಲ್ಲಿ ಗೂಡಿಗೆ ಕೂತವು. ನಾನೂ ಟೈಲರಮ್ಮನೂ ಹಗ್ಗ ತೆಗೆದುಕೊಂಡು ಹೊರಟೆವು. ನೀನು ಹಿಡಿಯುತ್ತಿದ್ದ ತುದಿ ಈಗ ಅವಳದು. ಆರು ತಿಂಗಳು ಬಟ್ಟೆ ಹೊಲಿಯುತ್ತಾಳೆ, ಹಕ್ಕಿಯ ಕಾಲದಲ್ಲಿ ಹಗ್ಗ ಹಿಡಿಯುತ್ತಾಳೆ, ಬಾಯಿ ಮಾತ್ರ ವರ್ಷವಿಡೀ ಓಡುತ್ತದೆ. ಹಗ್ಗ ಎಳೆಯುವುದನ್ನು ನೀನು ಮರೆತಿಲ್ಲ ತಾನೇ? ಇಬ್ಬರೂ ಒಂದೊಂದು ತುದಿ ಹಿಡಿದು, ದೂರದೂರ ನಿಂತು, ಹುಲ್ಲಿನ ನೆತ್ತಿ ಸವರುವಷ್ಟು ಸಡಿಲ ಬಿಟ್ಟು, ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಹಗ್ಗ ಬೆನ್ನಿಗೆ ತಾಗಿದಾಗ ಮೊಟ್ಟೆಯ ಮೇಲೆ ಕೂತ ಹಕ್ಕಿ ಪುರ್ರೆಂದು ಏಳುತ್ತದೆ. ಎದ್ದಲ್ಲಿ ಗೂಡು. ಗೂಡಿನ ಪಕ್ಕದಲ್ಲಿ ತಂತಿಗೆ ಕೆಂಪು ಬಟ್ಟೆ ಕಟ್ಟಿ ನೆಟ್ಟರೆ ಕುರಿ ಕಾಯುವವರು, ಜೀಪಿನವರು, ನಡೆಯುವವರು ಎಲ್ಲರೂ ಸುತ್ತಿಕೊಂಡು ಹೋಗುತ್ತಾರೆ. ಈ ಬಾವುಟದ ಉಪಾಯ ನಿನ್ನದೇ. ಕಾಲೇಜಿನ ರಜೆಗೆ ಬಂದವಳು ನನ್ನನ್ನು ಒಂದು ಮಾತೂ ಕೇಳದೆ ಅಡುಗೆಮನೆಯ ಕೆಂಪು ಪರದೆಯನ್ನು ಕತ್ತರಿಸಿದ್ದೆಯಲ್ಲ, ಅವತ್ತಿನಿಂದ.

ಈ ವರ್ಷ ಬಾವುಟ ನೆಟ್ಟ ವಾರದೊಳಗೆ ಗೂಡುಗಳು ಬರಿದಾಗತೊಡಗಿದವು. ಒಡೆದ ಚಿಪ್ಪಿಲ್ಲ, ಉದುರಿದ ಪುಕ್ಕವಿಲ್ಲ, ಹುಲ್ಲು ಕೆದರಿಲ್ಲ. ಗುಡಿಸಿ ಇಟ್ಟ ಹಾಗೆ ಗೂಡು, ಒಳಗೆ ಏನೂ ಇಲ್ಲ. ನರಿಯಾದರೆ ರಾದ್ಧಾಂತ ಮಾಡಿ ಹೋಗುತ್ತದೆ, ಹಾವಾದರೆ ಒಂದೆರಡು ಗೂಡಿಗೆ ತೃಪ್ತಿ. ಇದು ದಿನವೂ ನಡೆಯಿತು. ಸಾಹೇಬರು ಅನ್ನ ನೀರು ಬಿಟ್ಟರು. ಪಾಪ, ಚಿಕ್ಕ ವಯಸ್ಸು, ಈ ಹಕ್ಕಿ ಇನ್ನೆಲ್ಲೂ ಇಷ್ಟು ಉಳಿದಿಲ್ಲ ಎಂಬುದನ್ನು ಬಾಯಿಪಾಠ ಮಾಡಿಕೊಂಡೇ ಇಲ್ಲಿಗೆ ಬಂದವರು. "ಬಾವುಟ ಸರಿಯಾಗಿ ಕಾಣ್ತಿಲ್ಲ, ಅದಕ್ಕೇ ಯಾರೋ ತುಳೀತಿದ್ದಾರೆ" ಎಂದು ಪೇಟೆಯಿಂದ ಕಣ್ಣು ಕುಕ್ಕುವ ಬಟ್ಟೆ ತರಿಸಿದರು. ಉದ್ದದ ಕೋಲು ತರಿಸಿದರು. ಟೈಲರಮ್ಮ ಹಗಲೆಲ್ಲ ಕೂತು ಹೊಲಿದಳು, ನಾವು ನೆಟ್ಟೆವು. ಬಾವುಟ ಎತ್ತರವಾದಷ್ಟೂ ಮೊಟ್ಟೆ ಬೇಗ ಹೋಯಿತು. ಆಗಲೇ ನಮ್ಮ ಬುದ್ಧಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಮಳೆ ಹನಿದು ನಿಂತ ಮೇಲೆ ಸಾಹೇಬರಿಗೆ ಬರಿದಾದ ಗೂಡಿನ ಹತ್ತಿರ ಬೂಟಿನ ಗುರುತು ಸಿಕ್ಕಿತು. ಇನ್ನೊಂದರ ಹತ್ತಿರವೂ ಸಿಕ್ಕಿತು. ಎಡಗಾಲಿನ ಹಿಮ್ಮಡಿ ಸವೆದ ಬೂಟು. ಯಾರದೆಂದು ನಿನಗೆ ಬರೆಯಬೇಕಾಗಿಲ್ಲ. ನಾನೇ ಎಷ್ಟು ಸಲ ಹೇಳಿದ್ದೇನೆ, ಹೊಸದು ತಗೊಳ್ಳಿ ಎಂದು.

ಅಪ್ಪನನ್ನು ಕಾವಲು ಕೋಣೆಗೆ ಕರೆಸಿದರು. ಒಲೆಯ ಪಕ್ಕದ ಬೆಂಚಿನಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಹಕ್ಕಿ ಕಾಯಲು ಸರಕಾರದ ಸಂಬಳ ತಿನ್ನುವವಳು, ಗಂಡನ ಪರವಾಗಿ ಬಾಯಿ ಬಿಡುವ ಹಾಗಿಲ್ಲ.

"ಬಾವುಟದ ಹತ್ರ ಯಾಕೆ ಹೋಗಿದ್ರಿ?" ಎಂದರು ಸಾಹೇಬರು.

"ಕುರಿ ತಿರುಗಿಸೋಕೆ. ಬಾವುಟಕ್ಕೂ ಕುರಿಗೂ ಮಧ್ಯ ನಿಂತ್ಕೊಂಡ್ರೆ ಅವು ಗೂಡಿನ ಮೇಲೆ ಹೋಗಲ್ಲ."

"ಪ್ರತಿ ಗೂಡಿಗೂ ಹೀಗೆ ನಿಂತ್ಕೊಳ್ತೀರಾ?"

"ಕುರಿ ಪ್ರತಿ ಗೂಡಿನ ಹತ್ರಾನೂ ಹೋಗ್ತಾವಲ್ಲ ಸಾರ್."

ಸಾಹೇಬರು ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ಸಿಟ್ಟಾಗ್ಬೇಡಿ. ಗೂಡು ಇದ್ದಷ್ಟು ಜಾಗಕ್ಕೆ ನಿಮ್ಮ ಕುರಿ ಬಿಡೋ ಹಾಗಿಲ್ಲ. ಗೂಡು ಇಲ್ದಿದ್ರೆ ಬಯಲೆಲ್ಲ ನಿಮ್ದೇ. ನನ್ನ ಜಾಗದಲ್ಲಿ ನೀವಿದ್ರೆ ಏನಂದ್ಕೊಳ್ತಿದ್ರಿ?"

ಅಪ್ಪ ಬಹಳ ಹೊತ್ತು ಯೋಚಿಸಿದರು. ನಿನಗೆ ಗೊತ್ತಲ್ಲ, ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹುಡುಕುವ ಹುಚ್ಚು ಅವರಿಗೆ. "ನಾನೂ ನನ್ನ ಮೇಲೇ ಅನುಮಾನ ಪಡ್ತಿದ್ದೆ ಅನ್ಸುತ್ತೆ ಸಾರ್" ಎಂದರು! ಕೋಣೆಯಲ್ಲಿದ್ದ ಜೀಪಿನ ಡ್ರೈವರು ತಲೆ ತಗ್ಗಿಸಿದ. ನನಗೆ ಆ ಒಲೆಯ ಇಕ್ಕಳ ತೆಗೆದು ಯಾರ ತಲೆಗೆ ಕುಟ್ಟಲಿ ಎನ್ನುವ ಹಾಗಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗೆ ನಿಂತ ಮನುಷ್ಯ ಕಳ್ಳನಾದ.

ಅವತ್ತು ಸಂಜೆಯೇ ನಾನು ನಿನಗೆ ಫೋನು ಮಾಡಿದ್ದು. ಆ ಮಾತು ಈಗ ಬೇಡ.

ಮರುದಿನ ಸಾಹೇಬರು ಗೂಡುಗಳಿರುವ ಜಾಗದ ಸುತ್ತ ಕಲ್ಲು ಇಡಿಸಿ ಸುಣ್ಣ ಬಳಿಸಿದರು. ಆ ಬಿಳಿ ಕಲ್ಲುಗಳ ಸಾಲನ್ನು ಅಪ್ಪ ದಾಟಬಾರದು, ನಾಯಿ ದಾಟಬಾರದು, ಕುರಿ ದಾಟಬಾರದು. ಅಪ್ಪ "ಆಯ್ತು" ಎಂದರು. ಮನೆಗೆ ಬಂದವರು ಒಂದು ಮಾತೂ ಆಡಲಿಲ್ಲ. ನಾನು ಕೆದಕಿದೆ, ಬೈದೆ, ತಟ್ಟೆ ಕುಕ್ಕಿದೆ. ಬಾಯಿಗೆ ಬೀಗ ಹಾಕಿಕೊಂಡವರ ಜೊತೆ ಎಷ್ಟು ಜಗಳ ಆಡಲಿ?

ಕಲ್ಲು ಇಟ್ಟ ಮೇಲೂ ಗೂಡು ಬರಿದಾಗುವುದು ನಿಲ್ಲಲಿಲ್ಲ. ಬೂಟಿನ ಗುರುತೂ ಇರಲಿಲ್ಲ. ನಾನು ಸಾಹೇಬರ ಮುಂದೆ ಎದೆ ಸೆಟೆಸಿ, "ಈಗೇನಂತೀರಿ?" ಎಂದೆ. ಅವರು ಕಣ್ಣು ತಪ್ಪಿಸಿ, "ಬರಿಗಾಲಲ್ಲಿ ಬರೋಕೇನು ಕಷ್ಟ?" ಎಂದರು. ನಗಬೇಕು ಅನಿಸಿತು, ನಗು ಬರಲಿಲ್ಲ. ಅವತ್ತು ಸಂಜೆ ಅಪ್ಪ ಬಿಸಿನೀರಿನಲ್ಲಿ ಕಾಲು ನೆನೆಸಿಕೊಂಡು ಕೂತಿದ್ದಾಗ ನಾನು ಟವೆಲ್ ಕೊಡುವ ನೆಪದಲ್ಲಿ ಬಗ್ಗಿ ಅವರ ಅಂಗಾಲು ನೋಡಿದೆ, ಚೋಟು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಗಂಡನ ಅಂಗಾಲಿನಲ್ಲಿ ಹಸಿರು ಕಲೆ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅನುಮಾನ ಎನ್ನುವುದು ಹೊರಗಿನವರಿಂದ ಬಂದರೂ ಮನೆಯೊಳಗೇ ಬೇರುಬಿಡುತ್ತದೆ ಕಣೇ.

ಜೀಪು ಹೊರಟಿದೆ, ಡ್ರೈವರು ಕೂಗುತ್ತಿದ್ದಾನೆ. ನಾಳೆ ಮುಂದುವರಿಸುತ್ತೇನೆ.

ಮೇ ೧೫, ಬೆಳಿಗ್ಗೆ

ಎಲ್ಲಿಗೆ ಬಿಟ್ಟಿದ್ದೆ? ಅಂಗಾಲಿಗೆ.

ಅದನ್ನು ನೋಡಿದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಗಿ, ಒಂದು ನಿರ್ಧಾರ ಮಾಡಿದೆ. ಕಳ್ಳ ಯಾರೇ ಆಗಿರಲಿ, ಕಣ್ಣಾರೆ ನೋಡಬೇಕು. ಟೈಲರಮ್ಮನಿಗೆ ಹೇಳಿದೆ, ಗೂಡೇ ಇಲ್ಲದ ಕಡೆ ಬಾವುಟ ನೆಡೋಣ ಎಂದು. ಮೊಟ್ಟೆ ಹುಡುಕಿಕೊಂಡು ಬರುವವನು ಅಲ್ಲಿಗೂ ಬರುತ್ತಾನೆ, ನಾವು ಬಂಡೆಯ ಹಿಂದೆ ಇರೋಣ. ಅವಳು ನನ್ನ ಮುಖವನ್ನೇ ನೋಡಿದಳು.

"ಅಕ್ಕಾ, ಬರೋದು ಭಾವನೇ ಆದ್ರೆ?"

"ಆದ್ರೆ ಏನು, ಅವರ ಬೆನ್ನಿಗೆ ಮೊದಲನೇ ಕಲ್ಲು ನಂದು."

ಸಾಹೇಬರಿಗೆ ಹೇಳಲಿಲ್ಲ, ಅಪ್ಪನಿಗಂತೂ ಇಲ್ಲ. ಹಳ್ಳದ ಈಚೆ, ಬಿಳಿ ಕಲ್ಲುಗಳ ಒಳಗೇ, ಹಕ್ಕಿ ಕೂರದ ಒಣ ದಿಬ್ಬದ ಮೇಲೆ ಏಳೆಂಟು ಬಾವುಟ ನೆಟ್ಟೆವು. ಅವು ಬರೀ ಹುಲ್ಲಿನ ಮೇಲೆ. ನಿಜವಾದ ಗೂಡುಗಳು, ಉಳಿದಿದ್ದ ಅಷ್ಟಿಷ್ಟು, ಹಳ್ಳದ ಆಚೆ ಇದ್ದವು. ಮರುದಿನ ಬೆಳಕು ಹರಿಯುವಾಗ ಹೋಗಿ ಬಂಡೆಯ ಹಿಂದೆ ಮಲಗಿದೆವು. ಹೊಟ್ಟೆಯ ಕೆಳಗಿನ ಹುಲ್ಲೆಲ್ಲ ಇಬ್ಬನಿ. ಜೀವನದಲ್ಲಿ ಮೊದಲ ಬಾರಿ ಟೈಲರಮ್ಮ ಮಾತಾಡಲಿಲ್ಲ.

ಮೊದಲು ಬಂದದ್ದು ಬೂಟಿನ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ. ತಲೆ ಎತ್ತಲು ಆಗಲಿಲ್ಲ. ಟೈಲರಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು, ಉಗುರು ಇಳಿದದ್ದು ಆಮೇಲೆ ಗೊತ್ತಾಯಿತು. ಎಡಗಾಲನ್ನು ಸ್ವಲ್ಪ ಎಳೆಯುವ ಆ ನಡಿಗೆ ನನಗೆ ನಿದ್ದೆಯಲ್ಲೂ ಗೊತ್ತು. ದೇವರೇ, ಬೇಡ, ಹಿಂದೆ ಹೋಗಲಿ, ಹಿಂದೆ ಹೋಗಲಿ ಎಂದುಕೊಂಡೆ. ಸದ್ದು ಹತ್ತಿರ ಬಂತು, ನಿಂತಿತು.

"ಏಯ್, ಕೆಂಪು ಕಾಣಲ್ವೇನೇ ನಿಂಗೆ? ಕುರುಡಾ? ನಡಿ ಆಚೆ!"

ಕಣ್ಣು ಬಿಟ್ಟೆ. ಅಪ್ಪ ಬಿಳಿ ಕಲ್ಲುಗಳ ಆ ಕಡೆ, ಹೊರಗೆ, ನಿಂತಿದ್ದರು. ಎರಡೂ ಕೈ ಅಗಲಿಸಿ, ಮಂದೆಗೆ ಅಡ್ಡವಾಗಿ, ಒಂದು ಹಟಮಾರಿ ಕುರಿಯನ್ನು ಬೈಯುತ್ತಿದ್ದರು. ಕುರಿ ಬಲಕ್ಕೆ ಸರಿದರೆ ಅವರೂ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಒಂದೊಂದೇ ಕಲ್ಲಿನ ಹತ್ತಿರ ನಿಂತು, ಮಂದೆಯೆಲ್ಲ ದಾಟುವವರೆಗೂ ಕಾದು, ಮುಂದಿನ ಕಲ್ಲಿಗೆ ಹೋದರು. ಯಾರೂ ನೋಡುತ್ತಿಲ್ಲ ಎಂದುಕೊಂಡೇ ಅಷ್ಟು ಮಾಡಿದರು. ಕೋಣೆಯ ಬೆಂಚಿನಲ್ಲಿ ಕೂತು ಹೇಳಿದ್ದು ಅಕ್ಷರಶಃ ನಿಜ. ನಾವೇ ನೆಟ್ಟ ಸುಳ್ಳು ಬಾವುಟಗಳನ್ನೂ ಆ ಮನುಷ್ಯ ಕಾಯುತ್ತಿದ್ದರು. ನಾನು ಹುಲ್ಲಿಗೆ ಮುಖ ಒತ್ತಿಕೊಂಡು ಅತ್ತೆ. ಟೈಲರಮ್ಮ ಕಿವಿಯಲ್ಲಿ, "ಅಕ್ಕಾ, ಅಳು ಆಮೇಲೆ. ಮೇಲೆ ನೋಡು" ಎಂದಳು.

ಮೇಲೆ ಕಾಡುಕಾಗೆ. ದಪ್ಪ ಕೊಕ್ಕಿನದು, ಎರಡು. ಅವು ಇಲ್ಲದ ದಿನ ಯಾವುದು? ಮೋಡ ನೋಡಿದ ಹಾಗೆ ದಿನವೂ ಅವನ್ನು ನೋಡುತ್ತೇವೆ, ನೋಡಿ ಮರೆಯುತ್ತೇವೆ. ಮಂದೆ ದಿಬ್ಬ ಇಳಿದ ಮೇಲೆ ಒಂದು ಕೆಳಗೆ ಬಂತು. ಬಾವುಟದ ಪಕ್ಕವೇ ಇಳಿಯಿತು. ಕೋಲಿನ ಸುತ್ತ ಗಂಭೀರವಾಗಿ ಒಂದು ಸುತ್ತು ನಡೆಯಿತು. ಹುಲ್ಲು ಸರಿಸಿ ನೋಡಿತು. ಏನೂ ಇಲ್ಲ. ತಲೆಯನ್ನು ಒಂದು ಕಡೆ ವಾಲಿಸಿ ಬಾವುಟವನ್ನೇ ನೋಡಿತು. ಅಲ್ಲಿಂದ ಅಡ್ಡಾದಿಡ್ಡಿ ಹಾರಲಿಲ್ಲ ಕಣೇ, ನೇರವಾಗಿ ಎರಡನೇ ಬಾವುಟಕ್ಕೆ ನಡೆದು ಹೋಯಿತು. ಅಲ್ಲಿಂದ ಮೂರನೆಯದಕ್ಕೆ. ಅಂಗಡಿ ಅಂಗಡಿ ವಿಚಾರಿಸುವ ಗಿರಾಕಿಯ ಹಾಗೆ ಒಂದೂ ಬಿಡದೆ ಎಲ್ಲವನ್ನೂ ಮುಗಿಸಿತು.

ನಾವಿಬ್ಬರೂ ಉಸಿರು ಬಿಡದೆ ನೋಡಿದೆವು. ಇಷ್ಟು ದಿನ ಗೂಡು ಹುಡುಕಿ, ಗುರುತು ನೆಟ್ಟು, ಗುರುತು ಕಾಣುತ್ತಿಲ್ಲ ಎಂದು ಎತ್ತರ ಮಾಡಿ, ಬಣ್ಣ ಹೆಚ್ಚಿಸಿ, ಊಟ ಇಲ್ಲಿದೆ ಬನ್ನಿ ಎಂದು ಕಾಗೆಗೆ ಬಡಿಸಿದವರು ನಾವೇ.

ಆಗ ಎರಡನೇ ಕಾಗೆ ಒಂದು ಸಲ ಕೂಗಿ ಹಳ್ಳದ ಆಚೆಗೆ ತಿರುಗಿತು, ನಿಜವಾದ ಗೂಡುಗಳ ಕಡೆಗೆ. ಮೊದಲನೆಯದೂ ಎದ್ದಿತು.

ನಾನು ಎದ್ದು ಓಡಿದೆ. ಓಡಿದೆ ಎಂದರೆ ಹಳ್ಳದವರೆಗೆ. ಆಚೆ ದಡಕ್ಕೆ ಹೋದ ಮೇಲೆ ಓಡುವ ಹಾಗಿಲ್ಲ, ಎಲ್ಲಿ ಕಾಲಿಟ್ಟರೆ ಯಾವ ಗೂಡೋ. ಮೈಯೆಲ್ಲ ಕಣ್ಣು ಮಾಡಿಕೊಂಡು ಒಂದೊಂದೇ ಹೆಜ್ಜೆ ಇಡಬೇಕು, ತಲೆಯ ಮೇಲೆ ಕಾಗೆ ಆರಾಮಾಗಿ ಹಾರುತ್ತಿದೆ. ಕೈ ಬೀಸಿದೆ, ಕಿರುಚಿದೆ, ಚಪ್ಪಲಿ ಎಸೆದೆ. ಟೈಲರಮ್ಮ ಇನ್ನೊಂದು ಕಡೆಯಿಂದ ಸಿಕ್ಕ ಬಾವುಟಗಳನ್ನು ಕೀಳುತ್ತಾ, ನಾನು ಬರೆಯಲಾರದ ಮಾತುಗಳನ್ನೆಲ್ಲ ಕಾಗೆಗೆ ಹೇಳುತ್ತಾ ಬಂದಳು. ಒಂದನ್ನು ಹೆದರಿಸಿ ಓಡಿಸಿದೆವು. ಇನ್ನೊಂದು ಮೂಲೆಯ ಗೂಡಿಗೆ ಇಳಿಯಿತು.

ಆ ಮೂಲೆ ನಮಗೆ ದೂರ, ಅಪ್ಪನಿಗೆ ಹತ್ತಿರ. ನಮ್ಮ ಕೂಗಿಗೆ ಅವರು ಮಂದೆ ಬಿಟ್ಟು ಓಡಿಬಂದಿದ್ದರು. ಬಿಳಿ ಕಲ್ಲಿನ ಹತ್ತಿರ ನಿಂತಿದ್ದರು. ಕಲ್ಲಿನಿಂದ ಗೂಡಿಗೆ ನಮ್ಮ ಮನೆಯ ಅಂಗಳದಷ್ಟು ಕೂಡ ದೂರವಿಲ್ಲ. ಅಲ್ಲಿಯ ಮೊಟ್ಟೆಗಳು ಬಲಿತಿದ್ದವು, ಹಿಂದಿನ ದಿನ ಕಿವಿಯ ಹತ್ತಿರ ಹಿಡಿದಾಗ ಒಳಗಿನಿಂದ ಕುಟುಕುವ ಸದ್ದು ಕೇಳಿತ್ತು.

"ಬನ್ರೀ! ಓಡಿಸ್ರೀ ಅದನ್ನ!" ಎಂದು ಕಿರುಚಿದೆ.

ಅಪ್ಪ ಕದಲಲಿಲ್ಲ.

"ಏನ್ರೀ, ಕಿವಿ ಕೇಳಲ್ವಾ? ಕಲ್ಲು ದಾಟಿ ಬನ್ನಿ! ನಾನು ಹೇಳ್ತಿದೀನಿ ಬನ್ನಿ!"

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಹೋ... ಹೋ..." ಎಂದು ಕಾಗೆಗೆ ಕೂಗಿದರು, ಬಗ್ಗಿ ಮಣ್ಣಿನ ಹೆಂಟೆ ತೆಗೆದು ಎಸೆದರು, ತಾಗಲಿಲ್ಲ. ಬೂಟಿನ ತುದಿ ಕಲ್ಲಿಗೆ ಒತ್ತಿಕೊಂಡಿತ್ತು, ಮುಂದಕ್ಕೆ ಬರಲಿಲ್ಲ. ಕಾಗೆ ಅವರ ಕಡೆ ಒಮ್ಮೆ ನೋಡಿ, ಒಂದು ಮೊಟ್ಟೆಯನ್ನು ಕೊಕ್ಕಿನಲ್ಲಿ ನಾಜೂಕಾಗಿ ಎತ್ತಿಕೊಂಡು ಹೋಯಿತು. ತಿರುಗಿ ಬಂದು ಎರಡನೆಯದನ್ನು ಒಯ್ದಿತು. ನಾನು ತಲುಪುವಷ್ಟರಲ್ಲಿ ಗೂಡು ಗುಡಿಸಿ ಇಟ್ಟ ಹಾಗಿತ್ತು. ತಾಯಿ ಹಕ್ಕಿ ಪಕ್ಕದ ಹುಲ್ಲಿನಲ್ಲಿ ಸಣ್ಣಗೆ ಒಂದೇ ಸಮನೆ ಕರೆಯುತ್ತಿತ್ತು.

ನಾನು ಅಪ್ಪನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕಲ್ಲಾಗಿದ್ದೀರಾ ಎಂದೆ. ಇನ್ನೂ ಏನೇನೋ. ಅವರು ಗೂಡಿನ ಕಡೆಯೇ ನೋಡುತ್ತಿದ್ದರು. ಆಮೇಲೆ ಮಂದೆಯ ಹಿಂದೆ ಹೊರಟುಹೋದರು.

ಸಾಹೇಬರನ್ನು ಕೈ ಹಿಡಿದೇ ಎಳೆದುಕೊಂಡು ಬಂದು ಬಂಡೆಯ ಹಿಂದೆ ಮಲಗಿಸಿದೆ. ಇಸ್ತ್ರಿ ಮಾಡಿದ ಅಂಗಿಯೆಲ್ಲ ಕೆಸರು. ಮಧ್ಯಾಹ್ನ ಕಾಗೆಗಳು ಮತ್ತೆ ಬಂದು ಸುಳ್ಳು ಬಾವುಟಗಳನ್ನು ಒಂದೊಂದಾಗಿ ವಿಚಾರಿಸಿದವು. ಅವರು ಎದ್ದು ಕೂತು, "ಮೇಡಂ, ಉದ್ದದ ಕೋಲು ತರಿಸಿದ್ದು ನಾನು" ಎಂದರು. ಅಷ್ಟೇ. ಉಳಿದ ಬಾವುಟಗಳನ್ನು ಅವರೇ ನಮ್ಮ ಜೊತೆ ನಡೆದು ಕಿತ್ತರು. ಕಲ್ಲುಗಳನ್ನೂ ತೆಗೆಸಿದರು. ಸಂಜೆ ನಮ್ಮ ಮನೆಯ ಬಾಗಿಲಿಗೆ ಬಂದು ಅಪ್ಪನ ಕೈ ಹಿಡಿದು ಕ್ಷಮೆ ಕೇಳಿದರು. ಅಪ್ಪ, "ಇರ್ಲಿ ಬಿಡಿ ಸಾರ್, ಟೀ ಕುಡೀರಿ" ಎಂದರು. ಆ ಹುಡುಗನ ಮೇಲೆ ನನಗೀಗ ಸಿಟ್ಟಿಲ್ಲ. ಎರಡನೇ ವರದಿಯಲ್ಲಿ ತಮ್ಮ ತಪ್ಪನ್ನೂ ಸೇರಿಸಿ ಬರೆದಿದ್ದಾರೆ, ನನಗೆ ಓದಿಯೂ ತೋರಿಸಿದರು. ಅಪ್ಪನೇ ಕಳ್ಳ ಎಂದ ಮೊದಲನೇ ವರದಿಯ ಮೇಲೆ ಎರಡನೆಯದನ್ನು ಇಟ್ಟು ಓದು ಎಂದು ಹೇಳುವುದಕ್ಕೇ ಇಷ್ಟುದ್ದ ಬರೆದೆ.

ಈಗ ಗೂಡಿಗೆ ಗುರುತಿಲ್ಲ. ಹಗ್ಗ ಎಳೆಯುತ್ತೇವೆ, ಹಕ್ಕಿ ಎದ್ದ ಜಾಗವನ್ನು ಎರಡು ದೊಡ್ಡ ಬಂಡೆಗಳ ನೇರಕ್ಕೆ ಹಿಡಿದು ತಲೆಯಲ್ಲಿ ಇಟ್ಟುಕೊಳ್ಳುತ್ತೇವೆ. ಮರೆತರೆ ಟೈಲರಮ್ಮ ನೆನಪಿಸುತ್ತಾಳೆ, ಅವಳು ಮರೆತರೆ ನಾನು. ಇಬ್ಬರೂ ಮರೆತರೆ ಹಕ್ಕಿಯ ಅದೃಷ್ಟ. ಮೂರು ಗೂಡಿನಲ್ಲಿ ಮರಿಯಾಗಿವೆ.

ನಿನ್ನ ಬಾವುಟದಲ್ಲಿ ತಪ್ಪಿರಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೊದಮೊದಲು ಎಷ್ಟೋ ಗೂಡು ಉಳಿಸಿತು. ನಾವು ಕಲಿತದ್ದನ್ನು ಕಾಗೆಯೂ ಕಲಿಯುತ್ತದೆ ಎಂದು ಯಾರಿಗೂ ತೋಚಲಿಲ್ಲ. ಆದರೆ ಕುರಿಯ ವಿಷಯದಲ್ಲಿ ಮಾತ್ರ ಎಚ್ಚರದಿಂದ ಬರಿ. ಮೂಡಲ ಮೂಲೆಗೆ ಬೇಲಿ ಹಾಕಿ ಕುರಿ ತಡೆದರಲ್ಲ, ಅಲ್ಲಿ ಈಗ ಹೋಗಿ ನೋಡಬೇಕು. ಹಳೇ ಹುಲ್ಲು ಕೊಳೆತು ಹಾಸಿಗೆಯಾಗಿದೆ, ಅದರ ಮೇಲೆ ಮುಳ್ಳುಪೊದೆ ಎದ್ದಿದೆ. ನೀಲಿ ಹೂವಿಲ್ಲ, ಆ ಹೂವಿಗೆ ಬರುವ ಪುಟಾಣಿ ಚಿಟ್ಟೆ ಇಲ್ಲ, ಬೂದುಬೆನ್ನಿ ಒಂದೂ ಕೂತಿಲ್ಲ. ಒಸರುತ್ತಿದ್ದ ನೀರೂ ಪೊದೆಯ ಬುಡದಲ್ಲೇ ಇಂಗುತ್ತಿದೆ. ಹಾಗೆಂದು ಕುರಿ ಹೆಚ್ಚಾದರೂ ಬಯಲು ಬೋಳಾಗುತ್ತದೆ, ಅದನ್ನೂ ನೋಡಿದ್ದೇವೆ. ಎಷ್ಟು ಕುರಿ, ಯಾವ ತಿಂಗಳು, ಯಾವ ಮಗ್ಗುಲು ಎಂದು ಕಟ್ಟುನಿಟ್ಟಾಗಿ ಬರಿ. ಅಪ್ಪ ಒಪ್ಪುತ್ತಾರೆ, ಒಪ್ಪದಿದ್ದರೆ ನಾನಿದ್ದೇನೆ. ಮಗಳಾಗಿ ಬರೆಯಬೇಡ, ಈ ಬಯಲನ್ನು ಬಲ್ಲವಳಾಗಿ ಬರಿ. ಅಷ್ಟು ಸಾಕು ನಮಗೆ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ತಣ್ಣಗಿರು, ಗಟ್ಟಿಯಾಗಿರು. ನಿನ್ನ ಕೈಯಿಂದ ನಾಲ್ಕು ಜೀವಕ್ಕೆ ಒಳ್ಳೆಯದಾಗಲಿ, ನಿನಗೆ ನಾಲ್ಕು ಜನ ಒಳ್ಳೆಯವರು ಸಿಗಲಿ. ನಿನ್ನ ನೆತ್ತಿಯ ಮೇಲೆ ನನ್ನ ಕೈ ಯಾವಾಗಲೂ ಇದೆ.

ಇಂತಿ,
ನಿನ್ನ ಬಾಯಿಬಡುಕಿ ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಆಮೇಲೆ ಹೇಳುತ್ತೇನೆ ಎಂದುಕೊಂಡ ಮಾತನ್ನು ಹೇಳದೇ ಕಳಿಸಲು ಮನಸ್ಸು ಬರುತ್ತಿಲ್ಲ.

ಅವತ್ತು ಸಂಜೆ ನಿನಗೆ ಫೋನು ಮಾಡಿದಾಗ ನಾನು ಹಗ್ಗದ ಗಂಟು ಬಿಡಿಸುತ್ತಿದ್ದೆ. ಎರಡೂ ಕೈ ಬೇಕಾಗಿತ್ತು, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟಿದ್ದೆ. "ಅಮ್ಮಾ, ಅಪ್ಪ ಅನ್ನೋದನ್ನ ಪಕ್ಕಕ್ಕಿಟ್ಟು ಯೋಚನೆ ಮಾಡು. ಅವರು ಬಿಟ್ರೆ ಇನ್ಯಾರಿಗಿದೆ ಕಾರಣ? ಸಾಹೇಬ್ರಿಗೆ ನಾನೇ ಹೇಳಿದೀನಿ, ಗಡಿ ಹಾಕಿ ಅಪ್ಪನ್ನ ದೂರ ಇಡಿ ಅಂತ. ನೀನು ಅಪ್ಪನಿಗೆ ಹೇಳ್ಬೇಡ" ಎಂದೆಯಲ್ಲ, ಆಗ ಅಪ್ಪ ಹಿಂದಿನ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರಂತೆ. ನಾನು ನೋಡಿರಲಿಲ್ಲ. ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡು ದೊಡ್ಡಿಗೆ ಹೋಗಿ ಕುರಿಗಳ ಮಧ್ಯೆ ಕೂತಿದ್ದರಂತೆ.

ಇದನ್ನೆಲ್ಲ ಹೇಳಿದ್ದು ನಿನ್ನೆ, ಯಾಕೆ ದಾಟಲಿಲ್ಲ ಎಂದು ನಾನು ಮತ್ತೆ 'ಕಲ್ಲು ಮನುಷ್ಯ' ಎಂದು ಬೈದಾಗ. "ಸಾಹೇಬ್ರು ಇಟ್ಟ ಕಲ್ಲಾಗಿದ್ರೆ ಹತ್ತು ಸಲ ದಾಟ್ತಿದ್ದೆ ಕಣೇ. ಅದು ಮಗಳು ಇಟ್ಟ ಕಲ್ಲು" ಎಂದರು.

ಫೋನು ಮಾಡಬೇಡ. ನೀನೇ ಬಾ.